ಕಲ್ಲಿನ ಕಿವಿ

"ಕಿವಿ," ಎಂದರು ಮುದುಕ ಫೋರ್‌ಮನ್, ತಟ್ಟೆಯನ್ನು ಫಿಟ್ಟರ್‌ನ ಮುಂದೆ ಸರಿಸುತ್ತ.

ಅವರು ಅಂದದ್ದು ಅವರ ಭಾಷೆಯಲ್ಲಿ. ಅದನ್ನು ಕನ್ನಡಕ್ಕೆ ತಂದು ಫಿಟ್ಟರ್‌ಗೆ ಒಪ್ಪಿಸುವುದು ದುಭಾಷಿಯ ಕೆಲಸ. ಅವಳು ತಟ್ಟೆಯ ಕಡೆ ಬಗ್ಗಿ ನೋಡಿದಳು. ತೆಳ್ಳಗೆ ಹೆಚ್ಚಿದ ತುಂಡುಗಳು, ನಡುವೆ ಕೆನೆಬಣ್ಣ, ಅಂಚಿಗೆ ಕಪ್ಪು, ಮೇಲೆ ಕರಗಿದ ಬೆಣ್ಣೆ. ಈ ಪದ ಅವಳಿಗೆ ಗೊತ್ತಿತ್ತು. ಭಾಷೆ ಕಲಿತ ಪುಸ್ತಕದಲ್ಲಿ ಚಿತ್ರಸಮೇತ ಇತ್ತು: ಒಣಮರದ ಬೊಡ್ಡೆಯ ಮೇಲೆ ಕಿವಿಯ ಹಾಗೆ ಎದ್ದು ನಿಲ್ಲುವ ಅಣಬೆ.

"ಅಣಬೆ. ಇಲ್ಲಿ ಇದಕ್ಕೆ ಕಿವಿ ಅಂತಾರೆ," ಎಂದಳು ಫಿಟ್ಟರ್‌ಗೆ.

ಅವನು ಫೋರ್ಕಿನಿಂದ ಒಂದು ತುಂಡನ್ನು ಒತ್ತಿದ. ಅದು ರಬ್ಬರಿನ ವಾಷರಿನಂತೆ ಬಗ್ಗಿ ಮತ್ತೆ ನೆಟ್ಟಗಾಯಿತು.

"ಮೇಡಂ, ಇದು ನನ್ನನ್ನೇ ನೋಡ್ತಿದೆ."

"ಕಿವಿ ನೋಡಲ್ಲ ಫಿಟ್ಟರ್ ಸಾಹೇಬ್ರೇ, ಕೇಳುತ್ತೆ."

"ಹಾಗಾದ್ರೆ ನನ್ನ ಎದೆ ಹೊಡ್ಕೊಳ್ತಿರೋದು ಅದಕ್ಕೆ ಕೇಳಿಸ್ತಿರುತ್ತೆ ಬಿಡಿ."

ಊರಿನ ಬಿಸ್ಕತ್ತು ಫ್ಯಾಕ್ಟರಿಯ ಯಜಮಾನರು ಇಲ್ಲಿಯ ಮುಚ್ಚಿಹೋದ ಫ್ಯಾಕ್ಟರಿಯೊಂದರ ಹಳೆಯ ಓವನ್ ಕೊಂಡಿದ್ದರು. ಓವನ್ ಅಂದರೆ ಅಡುಗೆಮನೆಯದಲ್ಲ. ಒಂದು ರೈಲುಬೋಗಿಯಷ್ಟು ಉದ್ದದ ಯಂತ್ರ. ಅದನ್ನು ಬಿಚ್ಚಿ, ಗುರುತು ಹಾಕಿ, ಪೆಟ್ಟಿಗೆಗೆ ತುಂಬಲು ಫಿಟ್ಟರ್‌ನನ್ನು ಕಳಿಸಿದರು. ಅವನಿಗೆ ಈ ದೇಶದ ಮಾತು ಒಂದಕ್ಷರ ಬಾರದು, ಆದ್ದರಿಂದ ಕಾಲೇಜಿನಲ್ಲಿ ಆ ಭಾಷೆ ಕಲಿಸುತ್ತಿದ್ದ ಇವಳನ್ನು ಜೊತೆಗೆ ಕಳಿಸಿದರು. ಓವನ್ನನ್ನು ಇಡೀ ಆಯಸ್ಸು ಮಗುವಿನಂತೆ ಸಾಕಿದ್ದ ಮುದುಕ ಫೋರ್‌ಮನ್ ಒಂದೊಂದು ಬೋಲ್ಟಿನ ಸ್ವಭಾವ ಹೇಳುವುದು, ಇವಳು ಅದನ್ನು ದಾಟಿಸುವುದು, ಫಿಟ್ಟರ್ ಸ್ಪ್ಯಾನರ್ ತಿರುಗಿಸುವುದು. ಇದೇ ದಿನಚರಿ. ಇವತ್ತು ಬೆಳಿಗ್ಗೆ ಕೊನೆಯ ಪೆಟ್ಟಿಗೆಗೆ ಮೊಳೆ ಬಿತ್ತು. ಆ ಖುಷಿಗೆ, ಸ್ವಲ್ಪ ದುಃಖಕ್ಕೂ, ಫೋರ್‌ಮನ್ ಮನೆಯಲ್ಲಿ ಮಧ್ಯಾಹ್ನದ ಊಟ. ನಾಳೆ ವಿಮಾನ.

ನಾಳೆ ವಿಮಾನ ಎಂಬುದನ್ನು ದುಭಾಷಿ ಬೆಳಗಿನಿಂದ ಮರೆಯಲು ನೋಡುತ್ತಿದ್ದಳು. ಊರು ತಲುಪಿದ ಮೇಲೆ ಅವನು ಅವನ ಫ್ಯಾಕ್ಟರಿಗೆ, ಅವಳು ಅಣ್ಣ ಅತ್ತಿಗೆಯ ಮನೆಯ ಮಹಡಿ ಕೋಣೆಗೆ. ಮದುವೆಯ ಮಾತನ್ನು ಅತ್ತಿಗೆ ಎತ್ತುವುದು ಬಿಟ್ಟೇ ಎಷ್ಟೋ ಕಾಲವಾಗಿತ್ತು. ಬಿಟ್ಟದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದವಳಿಗೆ ಈಗ ಅತ್ತಿಗೆಯ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು.

ಅವನಾದರೂ ಏನಾದರೂ ಹೇಳಿದ್ದನೇ? ಇಲ್ಲ. ಬೆಳಿಗ್ಗೆ ಅವಳ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿ ಕೊಡುತ್ತಿದ್ದ. ಕೊಡುವಾಗ ಕಣ್ಣು ಪಟ್ಟಿಯ ಮೇಲೆಯೇ ಇರುತ್ತಿತ್ತು, ಕಿವಿಯ ತುದಿ ಮಾತ್ರ ಕೆಂಪಾಗುತ್ತಿತ್ತು. ಅವಳು ನೋಡದಾಗ ನೋಡುತ್ತಿದ್ದ, ನೋಡಿದಾಗ ಸ್ಪ್ಯಾನರ್ ಹುಡುಕುತ್ತಿದ್ದ. ಸ್ಪ್ಯಾನರ್ ಸಾಮಾನ್ಯವಾಗಿ ಅವನ ಕೈಯಲ್ಲೇ ಇರುತ್ತಿತ್ತು. ಅವಳಿಗೆ ಗಿಣಿ ಮೇಡಂ ಎಂದು ಹೆಸರಿಟ್ಟವನೂ ಅವನೇ. ಯಾರು ಏನು ಹೇಳಿದರೂ ತಿರುಗಿಸಿ ಹೇಳುತ್ತಾಳೆ, ತನ್ನದು ಅಂತ ಒಂದು ಮಾತೂ ಆಡುವುದಿಲ್ಲ ಎಂಬುದು ಅವನ ದೂರು.

ಅದು ನಿಜವೂ ಆಗಿತ್ತು. ದುಭಾಷಿಗಳಿಗೆ ಒಂದು ಕಟ್ಟಳೆ ಇದೆ. ಯಾರ ಮಾತನ್ನು ಹೇಳುತ್ತಾರೋ ಅವರೇ ಆಗಿ ಹೇಳಬೇಕು. "ಇವರಿಗೆ ನೀರು ಬೇಕಂತೆ" ಎನ್ನುವ ಹಾಗಿಲ್ಲ. "ನನಗೆ ನೀರು ಬೇಕು" ಎನ್ನಬೇಕು. ಇದರಿಂದ ಬಂದ ಪಜೀತಿ ಒಂದೆರಡಲ್ಲ.

ಮೊದಲ ದಿನವೇ ಅವನು ಗಂಭೀರವಾಗಿ ಹೇಳಿದ್ದ: "ಮೇಡಂ, ಒಂದು ವಿಷಯ. ಸಿಗಡಿ, ಏಡಿ, ಚಿಪ್ಪಿಂದು ಯಾವುದೂ ನನ್ನ ಮೈಗೆ ಆಗಲ್ಲ. ಚಿಕ್ಕೋನಿದ್ದಾಗ ಸ್ನೇಹಿತನ ಮನೇಲಿ ತಿಂದು ಗಂಟಲು ಕಟ್ಕೊಂಡು, ನಮ್ಮಮ್ಮ ಇನ್ನೇನು ಆಸೆ ಬಿಟ್ಟಿದ್ಲು. ಇನ್ನೊಂದ್ಸಲ ತಿಂದ್ರೆ ಕಷ್ಟ ಅಂದಿದಾರೆ ಡಾಕ್ಟ್ರು. ನನ್ನ ಜೀವ ನಿಮ್ಮ ನಾಲಿಗೆ ಮೇಲಿದೆ."

ಅವಳು ಹೋಟೆಲ್ಲಿಗೆ ಹೋದಾಗಲೆಲ್ಲ ಕಟ್ಟಳೆಯ ಪ್ರಕಾರ "ಚಿಪ್ಪಿನದು ನನಗೆ ಆಗುವುದಿಲ್ಲ" ಎನ್ನುತ್ತಿದ್ದಳು. ಮಾಣಿಗಳು ಹೌಹಾರಿ ಅವಳ ತಟ್ಟೆಯನ್ನೇ ಎತ್ತಿಕೊಂಡು ಓಡುತ್ತಿದ್ದರು. ಅವನು ನಕ್ಕು ನಕ್ಕು, ಕಣ್ಣೊರೆಸಿಕೊಂಡು, ತನ್ನ ಬ್ರೆಡ್ಡು ಬಾಳೆಹಣ್ಣಿನಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದ. ಅವನು ತಿನ್ನುತ್ತಿದ್ದದ್ದೇ ಅದು. ಪರಸ್ಥಳದ ಊಟವೆಂದರೆ ಅವನಿಗೆ ಪ್ರಾಣಭಯ.

ಇವತ್ತೂ ಕೂರುವ ಮೊದಲು ಅವಳು ಊಟದಲ್ಲಿ ಏಡಿ ಸಿಗಡಿ ಇದೆಯೇ ಎಂದಷ್ಟೇ ಕೇಳಿದ್ದಳು, ಕಾರಣ ಹೇಳಿರಲಿಲ್ಲ. ಫೋರ್‌ಮನ್‌ರ ಹೆಂಡತಿ, ದುಂಡು ಮುಖದ ಅಜ್ಜಿ, ನಾನು ಮಾಡಿದ್ದರಲ್ಲಿ ಏಡಿ ಸಿಗಡಿ ಯಾವುದೂ ಇಲ್ಲ ಎಂದು ಎದೆ ಮುಟ್ಟಿ ಹೇಳಿದ್ದರು. ಸುಳ್ಳಲ್ಲ. ಆದರೆ ಈ ತಟ್ಟೆ ಅಜ್ಜಿ ಮಾಡಿದ್ದಾಗಿರಲಿಲ್ಲ. ಫೋರ್‌ಮನ್ ಗುಟ್ಟಾಗಿ ತಾವೇ ಹುರಿದು, ಎಲ್ಲರೂ ಅರ್ಧ ಉಂಡ ಮೇಲೆ ತಂದಿಟ್ಟದ್ದು.

"ನನ್ನ ತಮ್ಮ ಕಲ್ಲಿನಿಂದ ಎಬ್ಬಿಸಿ ತಂದ. ಅಪರೂಪದ್ದು. ರಾಜರು ತಿನ್ನುವಂಥದ್ದು," ಎಂದರು ಅವರು.

ಕಲ್ಲಿನಿಂದಲೇ? ದುಭಾಷಿಯ ಮನಸ್ಸು ಒಂದು ಗಳಿಗೆ ಎಡವಿತು. ಮರದ ಮೇಲಲ್ಲವೇ ಬೆಳೆಯಬೇಕಾದದ್ದು? ಇರಲಿ, ಪಾಚಿಗಟ್ಟಿದ ಬಂಡೆಯ ಮೇಲೂ ಬೆಳೆಯಬಹುದು. ಮತ್ತೊಮ್ಮೆ ಕೇಳಬಹುದಿತ್ತು. ಕೇಳಿದರೆ ಮೇಷ್ಟ್ರಿಗೇ ಪಾಠ ಬರಲಿಲ್ಲ ಎಂದಾದೀತು ಅನಿಸಿತು. ಕೇಳಲಿಲ್ಲ.

ಅಷ್ಟೇ ಅಲ್ಲ, ಕೆಣಕಿದಳು ಕೂಡ.

"ಅಷ್ಟು ದೊಡ್ಡ ಓವನ್ ಹೊಟ್ಟೆಯೊಳಗೆ ನುಗ್ಗಿ ಬಂದೋರು, ಅಂಗೈಯಷ್ಟು ಅಣಬೆಗೆ ಹೆದರ್ತೀರಲ್ಲ. ಪುಕ್ಕಲು."

"ಯಾರು ಪುಕ್ಕಲು?"

"ಇಲ್ಲಿ ಕನ್ನಡ ಗೊತ್ತಿರೋರು ಇಬ್ರೇ. ನಾನಂತೂ ಅಲ್ಲ."

ಅವನು ಅವಳನ್ನು ನೋಡಿದ. ಈ ಸಲ ಸ್ಪ್ಯಾನರ್ ಹುಡುಕಲಿಲ್ಲ. ಒಂದು ಹುಬ್ಬು ಮೇಲೇರಿತು, ತುಟಿಯ ಮೂಲೆಯಲ್ಲಿ ನಗು ಬಂದು ನಿಂತಿತು, ಕಣ್ಣು ಅವಳ ಕಣ್ಣಿನಿಂದ ಕದಲಲಿಲ್ಲ. ಹಾಗೇ ನೋಡುತ್ತ ತುಂಡನ್ನು ಬಾಯಿಗಿಟ್ಟ. ಅವಳ ಕೆನ್ನೆ ಬಿಸಿಯಾಯಿತು. ಅಗಿದು ನುಂಗಿದ. ಇನ್ನೊಂದು ತೆಗೆದುಕೊಂಡ. ಮತ್ತೊಂದು.

"ಚೆನ್ನಾಗಿದೆ ಮೇಡಂ. ನೀವು ಹೇಳಿದ್ರೆ ಇನ್ಮೇಲೆ ಏನ್ ಬೇಕಾದ್ರೂ ತಿಂತೀನಿ."

ಫೋರ್‌ಮನ್ ಖುಷಿಯಿಂದ ತೊಡೆ ತಟ್ಟಿದರು. ಆಗ ಅಡುಗೆಮನೆಯಿಂದ ಅಜ್ಜಿ ಸೆರಗಿನಂತೆ ಕಟ್ಟಿದ ಏಪ್ರನ್ನಿಗೆ ಏನನ್ನೋ ಒರೆಸಿಕೊಂಡು ಬಂದರು. "ಮಗಳೇ, ಇದು ನಿನಗೆ, ನೆನಪಿಗೆ ಇರಲಿ," ಎಂದು ದುಭಾಷಿಯ ಅಂಗೈಯಲ್ಲಿಟ್ಟರು.

ತಣ್ಣಗಿತ್ತು, ಭಾರವಿತ್ತು. ಹೊರಗೆ ಒರಟು, ಒಳಗೆ ನೀಲಿ ಹಸಿರು ಗುಲಾಬಿ ಎಲ್ಲ ಬಣ್ಣಗಳ ಮಿನುಗು. ಅಂಚಿನುದ್ದಕ್ಕೂ ಸಣ್ಣ ತೂತುಗಳ ಸಾಲು. ಆಕಾರ ಥೇಟ್ ಕಿವಿಯದು.

ಚಿಪ್ಪು.

"ಇದು... ಸಮುದ್ರದ್ದೇ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಮತ್ತಿನ್ನೆಲ್ಲಿಯದು? ನೀರೊಳಗಿನ ಬಂಡೆಗೆ ಅಂಟಿಕೊಂಡಿರುತ್ತೆ. ಈಗ ತಿಂದಿರಲ್ಲ, ಅದರದೇ."

ದುಭಾಷಿಯ ಮೈಯ ರಕ್ತವೆಲ್ಲ ಇಳಿದುಹೋಯಿತು. ಸಮುದ್ರದಿಂದ ದೂರದ ಊರಿನಲ್ಲಿ, ಪುಸ್ತಕದಿಂದ ಕಲಿತ ಭಾಷೆ. ಮರದ ಕಿವಿ ಇತ್ತು ಆ ಪುಸ್ತಕದಲ್ಲಿ. ಕಲ್ಲಿನ ಕಿವಿ ಇರಲಿಲ್ಲ.

ಅವನು ನಾಲ್ಕನೆಯ ತುಂಡಿಗೆ ಫೋರ್ಕ್ ಚುಚ್ಚಿದ್ದ.

"ಬೇಡ. ಕೆಳಗಿಡಿ. ಕೆಳಗಿಡಿ ಅದನ್ನ." ಅವಳು ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಅಣಬೆ ಅಲ್ಲ ಅದು. ತಪ್ಪು ಹೇಳ್ಬಿಟ್ಟೆ. ಚಿಪ್ಪಿಂದು. ನಾನು ತಪ್ಪು ಹೇಳ್ಬಿಟ್ಟೆ ರೀ."

ಅವನು ಅವಳ ಕೈಯಲ್ಲಿದ್ದುದನ್ನು ನೋಡಿದ, ತಟ್ಟೆ ನೋಡಿದ. ಫೋರ್ಕನ್ನು ಸದ್ದಾಗದಂತೆ ಮೆಲ್ಲಗೆ ಇಟ್ಟ.

"ಏನಾಗಲ್ಲ ಬಿಡಿ. ಚಿಕ್ಕಂದಿನ ಮಾತು ಅದು. ಈಗ ಹೋಗಿರಬಹುದು," ಎಂದ. ಎನ್ನುತ್ತಲೇ ಮಣಿಕಟ್ಟು ಕೆರೆದುಕೊಂಡ.

ಇಬ್ಬರೂ ಆ ಮಣಿಕಟ್ಟನ್ನೇ ನೋಡಿದರು. ಕೆರೆದ ಜಾಗದಲ್ಲಿ ಕೆಂಪು ದದ್ದು ಎದ್ದಿತ್ತು. ಆಮೇಲೆ ಮೊಣಕೈ ಹತ್ತಿರ ಇನ್ನೊಂದು. ಆಮೇಲೆ ಕುತ್ತಿಗೆ.

ಫೋರ್‌ಮನ್‌ರಿಗೆ ಅವಳು ಏನು ಹೇಳಿದಳೋ, ಹೇಗೆ ಹೇಳಿದಳೋ. ಆ ಮುದುಕರು ಚಪ್ಪಲಿ ಕೂಡ ಹಾಕದೆ ವ್ಯಾನಿನ ಬೀಗದಕೈಗೆ ಓಡಿದರು. ಅಜ್ಜಿ ಬಾಗಿಲಲ್ಲಿ ಎರಡೂ ಕೈ ಬಾಯಿಗಿಟ್ಟುಕೊಂಡು ನಿಂತರು.

ವ್ಯಾನಿನ ಮುಂದಿನ ಸೀಟಿನಲ್ಲಿ ಮೂವರು. ನಡುವೆ ಅವಳು. ಬೀದಿಯಲ್ಲಿ ಜನ ಎಂದಿನಂತೆ ತರಕಾರಿ ಕೊಳ್ಳುತ್ತಿದ್ದರು, ಸೈಕಲ್ ತಳ್ಳುತ್ತಿದ್ದರು. ಒಂದು ಸಿಗ್ನಲ್ ಕೆಂಪಾಯಿತು. ಜಗತ್ತಿನಲ್ಲಿ ಇಷ್ಟು ನಿಧಾನವಾಗಿ ಹಸಿರಾಗುವ ದೀಪ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವನ ಮೇಲ್ದುಟಿ ಊದಿಕೊಂಡಿತ್ತು. ಒಂದು ಕಣ್ಣು ಸಣ್ಣದಾಗುತ್ತಿತ್ತು. ಅವಳು ಅವನ ಮಣಿಕಟ್ಟು ಹಿಡಿದಿದ್ದಳು. ನಾಡಿ ನೋಡುತ್ತಿದ್ದೇನೆ ಎಂದುಕೊಂಡಿದ್ದಳು. ನಾಡಿ ಎಲ್ಲಿರುತ್ತದೆ ಎಂಬುದೂ ಅವಳಿಗೆ ತಿಳಿಯದು.

"ಮೇಡಂ," ಎಂದ. ದನಿ ಕರಕರ ಎನ್ನುತ್ತಿತ್ತು.

"ಮಾತಾಡ್ಬೇಡಿ."

"ನಾನು ಪುಕ್ಕಲು ಅಲ್ಲ ಅಂತ ಒಪ್ಕೊಂಡ್ರಾ?"

ಅವಳಿಗೆ ಅಳು ತಡೆಯಲಾಗಲಿಲ್ಲ. "ನಾನೇ ಪಾಪಿ. ಇನ್ನೊಂದ್ಸಲ ಕೇಳ್ಬೇಕಿತ್ತು. ಕೇಳೋಕೆ ಜಂಬ ಅಡ್ಡಬಂತು."

ಅವನು ಏನೋ ಹೇಳಲು ಹೋದ. ಮಾತಿನ ಬದಲು ಸಿಳ್ಳೆಯಂಥ ಉಸಿರು ಬಂತು. ಆಗ ಮೊದಲ ಸಲ ಅವನ ಕಣ್ಣಿನಲ್ಲಿ ನಗೆ ಹೋಗಿ ಹೆದರಿಕೆ ಕಂಡಿತು. ಅವನ ಬೆರಳುಗಳು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದವು. ಇವನು ಹೋಗಿಬಿಟ್ಟರೆ ಎಂಬ ಮಾತು ಅವಳ ತಲೆಯಲ್ಲಿ ಅರ್ಧಕ್ಕೆ ನಿಂತಿತು. ಪೂರ್ತಿ ಮಾಡುವ ಧೈರ್ಯ ಇರಲಿಲ್ಲ.

ಆಸ್ಪತ್ರೆಯ ಮುಂದೆ ವ್ಯಾನ್ ಪೂರ್ತಿ ನಿಲ್ಲುವ ಮೊದಲೇ ಅವಳು ಅವನನ್ನು ದಾಟಿ ಹಾರಿ ಒಳಗೆ ಓಡಿದಳು. ಕೌಂಟರಿನಲ್ಲಿದ್ದ ನರ್ಸಿಗೆ ಒಂದೇ ಉಸಿರಿಗೆ ಹೇಳಿದಳು: "ಚಿಪ್ಪಿನದು ತಿಂದಿದ್ದೇನೆ. ನನಗೆ ಆಗುವುದಿಲ್ಲ. ಗಂಟಲು ಕಟ್ಟುತ್ತಿದೆ, ಉಸಿರು ಬರುತ್ತಿಲ್ಲ, ಬೇಗ."

ಕಟ್ಟಳೆ ನೋಡಿ, ಪ್ರಾಣ ಹೋಗುವಾಗಲೂ ಬಿಡಲಿಲ್ಲ. ನರ್ಸಿನ ಕಣ್ಣಿಗೆ ಕಂಡದ್ದೇನು? ಮುಖ ಕೆಂಪಾಗಿ, ಏದುಸಿರು ಬಿಡುತ್ತ, ಕಣ್ಣೀರು ಸುರಿಸುತ್ತ ನಿಂತ ಹೆಂಗಸು. ರೋಗಿ ಇವಳಲ್ಲದೆ ಇನ್ಯಾರು? ಕ್ಷಣಾರ್ಧದಲ್ಲಿ ಅವಳನ್ನು ಮಂಚಕ್ಕೆ ಮಲಗಿಸಿಯಾಯಿತು. ಒಬ್ಬಳು ತೋಳು ಒರೆಸಿದಳು, ಇನ್ನೊಬ್ಬಳು ಮೂಗಿಗೆ ಆಮ್ಲಜನಕದ ಮುಖವಾಡ ಇಟ್ಟಳು.

"ನಾನಲ್ಲ. ಅವರು," ಎಂದು ಅವಳು ಕಿರುಚಿದ್ದು ಮುಖವಾಡದೊಳಗೇ ಉಳಿಯಿತು. ಅದೂ ಕನ್ನಡದಲ್ಲಿ. ಅಷ್ಟು ವರ್ಷ ಕಲಿತ ಭಾಷೆ ಆ ಹೊತ್ತಿಗೆ ಅವಳನ್ನು ಬಿಟ್ಟು ಎಲ್ಲಿಗೋ ಹೋಗಿತ್ತು. ಸೂಜಿ ಹತ್ತಿರ ಬಂತು. ಅವಳು ಮುಖವಾಡ ಕಿತ್ತೆಸೆದು, ಮಂಚದಿಂದ ಉರುಳಿ, ಬಾಗಿಲ ಕಡೆ ಕೈ ತೋರಿಸಿದಳು.

ಬಾಗಿಲಲ್ಲಿ ಬರಿಗಾಲಿನ ಮುದುಕರು, ತಮಗಿಂತ ಎರಡರಷ್ಟಿದ್ದವನನ್ನು ಹೆಗಲಿಗೆ ಆನಿಸಿಕೊಂಡು, ನಡುಗುತ್ತ ನಿಂತಿದ್ದರು. ಅವನ ಮುಖ ಅವನದೇ ಎಂದು ಹೇಳುವಂತಿರಲಿಲ್ಲ.

ಆ ಸೂಜಿ ಅವನ ತೊಡೆಗೆ ಇಳಿಯಿತು.

ಡಾಕ್ಟರು ಬಂದರು. ಚುಟುಕು ಕೂದಲಿನ, ಚುಟುಕು ಮಾತಿನ ಹಿರಿಯ ಹೆಂಗಸು. ಪರದೆಯ ಒಳಗಿನಿಂದ ಪ್ರಶ್ನೆಗಳು ಬಂದವು, ದುಭಾಷಿ ಹೊರಗಿನಿಂದ ಉತ್ತರಿಸಿದಳು. ಎಷ್ಟು ತುಂಡು? ಮೂರು. ಹಿಂದೆ ಹೀಗಾಗಿತ್ತೇ? ಆಗಿತ್ತು. ಒಮ್ಮೆ ಒಳಗಿನಿಂದ ಅವನ ತುಂಡುಮಾತು ಕೇಳಿಸಿತು.

"ನಾನು... ಸಾಯ್ತೀನಾ? ಕೇಳಿ."

ಈ ಮಾತನ್ನೂ ಅವಳು ದಾಟಿಸಬೇಕಿತ್ತು. "ನಾನು ಸಾಯುತ್ತೇನೆಯೇ?" ಎಂದು ಕೇಳಿದಳು ಪರದೆಗೆ. ಕೇಳುವಾಗ ಅದು ಅವನ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಒಳಗೆ ಡಾಕ್ಟರು ಅವನನ್ನು ಪರೀಕ್ಷಿಸುತ್ತಲೇ ಇದ್ದರು. ಯಂತ್ರ ಮಾತ್ರ ಕೀ ಕೀ ಎನ್ನುತ್ತಿತ್ತು. ಬೆಂಚಿನ ಮೇಲೆ ಫೋರ್‌ಮನ್ ತಲೆ ತಗ್ಗಿಸಿ ಕೂತು, ಹುರಿದವನು ನಾನು, ನಾನು, ಎಂದು ಗೊಣಗುತ್ತಿದ್ದರು. ಅವಳು ಅವರ ಪಕ್ಕ ಕೂತು, ಹೆಸರಿಟ್ಟವಳು ನಾನು, ಎಂದಳು. ಇಬ್ಬರೂ ಅಪರಾಧಕ್ಕಾಗಿ ಕಿತ್ತಾಡುವಂತಿತ್ತು. ಅವಳಿಗೆ ಅವನ ಅಮ್ಮನ ನೆನಪಾಯಿತು. ಫೋನಿನಲ್ಲಿ ದಿನಾ ಸಂಜೆ, "ನಮ್ಮ ಹುಡುಗ ಏನಾದ್ರೂ ತಿಂತಾನೇನಮ್ಮಾ?" ಎಂದು ಕೇಳುವ ಆ ದನಿಗೆ ಇವತ್ತು ಸಂಜೆ ಏನು ಹೇಳುವುದು?

ಕೊನೆಗೆ ಡಾಕ್ಟರು ಪರದೆ ಸರಿಸಿದರು. "ಇಲ್ಲ. ಸಾಯುವುದಿಲ್ಲ."

ದುಭಾಷಿ ಅದನ್ನು ಒಳಗಿದ್ದವನಿಗೆ ಕನ್ನಡದಲ್ಲಿ ಹೇಳಲು ಬಾಯಿ ತೆರೆದಳು. ಹೊರಟದ್ದು ಮಾತಲ್ಲ, ಬಿಕ್ಕಳಿಕೆ. ಅವನಿಗೆ ಅದೇ ಅರ್ಥವಾಯಿತೆಂದು ಕಾಣುತ್ತದೆ, ದಿಂಬಿನ ಮೇಲೆ ಕಣ್ಣು ಮುಚ್ಚಿದ.

ಆದರೆ ಹೆದರಿಕೆ ಮುಗಿದಿರಲಿಲ್ಲ. ಮದ್ದಿನ ಕಾವು ಇಳಿದ ಮೇಲೆ ಊತ ಮತ್ತೆ ಬರಬಹುದು, ಬಂದರೆ ಮೊದಲಿಗಿಂತ ಜೋರಾಗಿ ಬರಬಹುದು ಎಂದರು ಡಾಕ್ಟರು. ಇವತ್ತು ಇಲ್ಲೇ ಇರಬೇಕು. ಪಕ್ಕದಲ್ಲಿ ಒಬ್ಬರು ಕೂತು ತುಟಿ, ಉಸಿರು ನೋಡುತ್ತಿರಬೇಕು. ಮನೆಯವರಾದರೆ ಮಾತ್ರ ಒಳಗೆ ಬಿಡುವುದು. ಅವರು ದುಭಾಷಿಯನ್ನು ಮೇಲಿಂದ ಕೆಳಗೆ ನೋಡಿ, ಮಂಚದ ಕಡೆ ತಿರುಗಿ ಕೇಳಿದರು. ಬರಿಯ ಕೆಲಸದ ಪ್ರಶ್ನೆ. ದುಭಾಷಿ ಅದನ್ನು ಕನ್ನಡದಲ್ಲಿ ಸಂಬಂಧ ಕೇಳುವ ರೂಢಿಯ ಮಾತಿನಲ್ಲೇ ಕೇಳಿದಳು:

"ಇವರು ನಿಮಗೆ ಏನಾಗಬೇಕು?"

ಅವನು ಊದಿದ ಕಣ್ಣುಗಳನ್ನು ಕಷ್ಟಪಟ್ಟು ತೆರೆದ. ಅವಳನ್ನೇ ನೋಡಿದ.

"ಏನಾಗಬೇಕು ಅಂತ ನಂಗೆ ಗೊತ್ತು," ಎಂದ, ಒಡೆದ ದನಿಯಲ್ಲಿ. "ಆಗ್ತಾರಾ ಅನ್ನೋದು ಗೊತ್ತಿಲ್ಲ. ಅದನ್ನ ನೀವೇ ಕೇಳಿ ಹೇಳಿ."

ದುಭಾಷಿ ಡಾಕ್ಟರ ಕಡೆ ತಿರುಗಿದಳು, ಮತ್ತೆ ಅವನ ಕಡೆ ತಿರುಗಿದಳು.

"ಏನಂತೆ?" ಎಂದರು ಡಾಕ್ಟರು.

ಈ ಮಾತನ್ನು ದಾಟಿಸುವುದು ಹೇಗೆ? ಆ ಭಾಷೆಯಲ್ಲಿ ಸಂಬಂಧ ಕೇಳುವ ಮಾತು ಬೇರೆ, ಏನು ಆಗಬೇಕೆಂದು ಕೇಳುವ ಮಾತು ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟುಕೊಂಡಿರುವುದು ಕನ್ನಡ ಮಾತ್ರ ಅನಿಸಿತು ಅವಳಿಗೆ. ವ್ಯಾನಿನಲ್ಲಿ ಹೆದರಿದ್ದು ಒಂದು ಬಗೆ, ಇದು ಇನ್ನೊಂದು ಬಗೆ.

"ಒಂದು ನಿಮಿಷ," ಎಂದು ಡಾಕ್ಟರಿಗೆ ಹೇಳಿ ಮಂಚದ ಹತ್ತಿರ ಹೋದಳು. "ಸಾವಿಗೆ ಹೆದರಿ ಹೇಳ್ತಿದೀರಾ? ನಾಳೆ ಊತ ಇಳಿದ್ಮೇಲೆ ಮತ್ತೆ ಸ್ಪ್ಯಾನರ್ ಹುಡುಕ್ತೀರಾ?"

"ಹೆದರಿಕೆಗೇ ಇಷ್ಟು ದಿನ ಹೇಳ್ದೆ ಇದ್ದದ್ದು. ನೀವು ಓದಿದೋರು, ಬೇಡ ಅಂದ್ಬಿಟ್ರೆ ಅಂತ. ಇವತ್ತು ಅದಕ್ಕಿಂತ ದೊಡ್ಡ ಹೆದರಿಕೆ ಬಂದು ಅದನ್ನ ಓಡಿಸ್ತು."

"ನಾನು ನಿಮ್ಮನ್ನ ಕೊಲ್ತಿದ್ದೆ."

"ಕೊಲ್ಲಲಿಲ್ಲವಲ್ಲ."

"ನಾಳೆ ಇನ್ನೊಂದು ಪದ ತಪ್ಪಿದ್ರೆ?"

"ಎರಡು ಸಲ ಕೇಳಿ. ನಾನೇನೂ ನಗಲ್ಲ."

ಅವಳಿಗೆ ನಗು ಬಂತು, ಅಳುವೂ ಬಂತು, ಯಾವುದನ್ನು ಮೊದಲು ಬಿಡಬೇಕೋ ತಿಳಿಯಲಿಲ್ಲ. ಹಿಂದೆ ಡಾಕ್ಟರು ಕೈಗಡಿಯಾರ ನೋಡಿ ಗಂಟಲು ಸರಿಮಾಡಿಕೊಂಡರು. ಅವಳು ತಿರುಗಿ, ಆ ಭಾಷೆಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಒಂದು ವಾಕ್ಯ ಹೇಳಿದಳು. ಬೆಂಚಿನ ಮೇಲಿದ್ದ ಫೋರ್‌ಮನ್ ತಲೆ ಎತ್ತಿದರು. ಡಾಕ್ಟರು ಹುಬ್ಬೇರಿಸಿ, ಕುರ್ಚಿಯೊಂದನ್ನು ತಾವೇ ಎಳೆದು ಮಂಚದ ಪಕ್ಕ ಹಾಕಿ ಹೋದರು.

ಅವಳು ಅದರಲ್ಲಿ ಕೂತಳು. ಅವನ ತುಟಿಯನ್ನೂ ಉಸಿರನ್ನೂ ನೋಡುವುದು ಈಗ ಅವಳ ಕೆಲಸ. ಅವನಿಗೆ ಅವಳು ಹೇಳಿದ್ದು ಒಂದಕ್ಷರವೂ ತಿಳಿದಿರಲಿಲ್ಲ. ಸೂಜಿಗೂ ಹೆದರದಿದ್ದವನ ಕೈ ಈಗ ಹೊದಿಕೆಯ ಅಂಚನ್ನು ಮಡಿಸಿ ಬಿಚ್ಚುತ್ತಿತ್ತು.

"ಏನಂದ್ರಿ ಅವರಿಗೆ? ನಾನು ಹೇಳಿದ್ದನ್ನೇ ಹೇಳಿದ್ರಾ?"

"ಇಲ್ಲ."

"ಮತ್ತೆ?"

ಅವಳು ಆ ಕೈಯನ್ನು ತನ್ನೆರಡು ಕೈಗಳ ನಡುವೆ ತೆಗೆದುಕೊಂಡಳು. "ನಂದೇ ಮಾತು ಹೇಳಿದೆ," ಎಂದಳು. "ಆಗ್ತೀನಿ ಅಂದೆ."